ಬೆನ್ನುನೋವಿನ ಕುರ್ಚಿ

ಆ ದಿನ ಬೆಳಿಗ್ಗೆ ಕೊಡೆ ಗುಮಾಸ್ತನಿಗೆ ಬೆನ್ನು ನೋಯಲಿಲ್ಲ. ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಕಾಲುಚೀಲ ಕೈಜಾರಿ ಊಟದ ಮೇಜಿನ ಕೆಳಗೆ ಬಿದ್ದಿತ್ತು. ಅವನು ಬಗ್ಗಿದ, ಮೇಜಿನಡಿ ತೂರಿದ, ಕಾಲುಚೀಲ ಎತ್ತಿಕೊಂಡು ಹೊರಬಂದ, ನೆಟ್ಟಗೆ ನಿಂತ. ಒಲೆಯ ಮುಂದಿದ್ದ ಹೆಂಡತಿ ಸೌಟು ಹಿಡಿದೇ ತಿರುಗಿದಳು.

"ನೋಡಿದ್ರಾ? ಒಂದು ಸಲವೂ ಅಮ್ಮಾ ಅನ್ನಲಿಲ್ಲ ನೀವು!"

ಅವನು ಗರ ಬಡಿದವನಂತೆ ನಿಂತ. ಅನುಮಾನ ಪರಿಹಾರಕ್ಕೆಂದು ಕಾಲುಚೀಲವನ್ನು ಬೇಕೆಂದೇ ಬೀಳಿಸಿ ಮತ್ತೊಮ್ಮೆ ಎತ್ತಿದ. ಎಡಕ್ಕೆ ತಿರುಚಿ ನೋಡಿದ, ಬಲಕ್ಕೆ ತಿರುಚಿ ನೋಡಿದ. ಆರು ವರ್ಷ ಜೊತೆಯಲ್ಲೇ ಉಂಡು ಮಲಗಿದ್ದ ನೋವು ಒಂದು ಮಾತೂ ಹೇಳದೆ ಮನೆ ಖಾಲಿ ಮಾಡಿಕೊಂಡು ಹೋಗಿತ್ತು.

"ಇವತ್ತೇ ಹೋಗ್ಬೇಕಿತ್ತಾ ಇದು?" ಎಂದ.

"ನೋವು ಹೋಯ್ತು ಅಂತ ಮುಖ ಸಣ್ಣ ಮಾಡ್ಕೊಳ್ಳೋ ಗಂಡಸನ್ನ ನಾನು ಇವತ್ತೇ ನೋಡಿದ್ದು."

"ಮಧ್ಯಾಹ್ನ ಮೂರಕ್ಕೆ ಡಾಕ್ಟ್ರು ಬರ್ತಾರೆ ಕಣೇ. ಬೆನ್ನು ನೋಡ್ತಾರೆ."

"ಬರ್ಲಿ. ವಾಸಿಯಾಯ್ತು ಅಂತ ಹೇಳಿ. ಅವರಿಗೂ ಸಂತೋಷ ಆಗತ್ತೆ."

"ವಾಸಿಯಾಯ್ತು ಅಂದ್ರೆ ಕುರ್ಚಿ ಹೋಗತ್ತೆ!"

ಹೆಂಡತಿ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಅಂದ್ರೆ ಮೂರು ತಿಂಗಳಿಂದ ನಾನು ಒಲೆ ಮೇಲೆಲ್ಲ ಹಾಲು ಉಕ್ಕಿಸಿಕೊಂಡಿದ್ದು ನಿಮಗೆ ದಂಡ ಅಂತ ತಾನೇ?"

ಇಲ್ಲಿ ಕುರ್ಚಿಯ ವಿಷಯವನ್ನೂ ಹಾಲಿನ ವಿಷಯವನ್ನೂ ಹೇಳದೆ ಮುಂದೆ ಹೋಗುವಂತಿಲ್ಲ.

ಅವನು ಕೆಲಸ ಮಾಡುತ್ತಿದ್ದದ್ದು ಸಿಟಿ ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಇಟ್ಟುಕೊಳ್ಳುವ ಕಚೇರಿಯಲ್ಲಿ. ಅಲ್ಲಿಗೆ ಬಂದು ಬೀಳುವ ಸಾಮಾನುಗಳನ್ನು ನೋಡಿದರೆ, ಜನ ತಮ್ಮ ತಲೆಯನ್ನು ಜ್ಞಾಪಕವಾಗಿ ಹೊತ್ತುಕೊಂಡು ಇಳಿಯುವುದೇ ದೊಡ್ಡದು ಅನ್ನಿಸುತ್ತಿತ್ತು. ಒಂದೊಂದು ಬಗೆಯ ಸಾಮಾನಿಗೆ ಒಬ್ಬೊಬ್ಬರು. ಚೀಲ, ಸೂಟ್‌ಕೇಸುಗಳನ್ನು ನೋಡಿಕೊಳ್ಳುವಾಕೆ ಬ್ಯಾಗಿನಕ್ಕ. ಕನ್ನಡಕಗಳಿಗೆ ಕನ್ನಡಕದ ಗುಮಾಸ್ತ. ನಮ್ಮವನು ಇಪ್ಪತ್ತೊಂದು ವರ್ಷದಿಂದ ಕೊಡೆ ಗುಮಾಸ್ತ. ಮುನ್ನೂರು ಕಪ್ಪು ಕೊಡೆಗಳ ನಡುವೆ 'ಕಪ್ಪು ಬಣ್ಣದ ಒಂದು ಕೊಡೆ'ಯನ್ನು ಹುಡುಕಿಕೊಡುವುದು ಅವನ ಕೆಲಸ. ಆ ಕೊಡೆ ಸಾಮಾನ್ಯವಾಗಿ ಮೇಲಿನ ಅಟ್ಟಣೆಯಲ್ಲೇ ಇರುತ್ತಿತ್ತು. ಅದಕ್ಕೆ ಏಣಿ ಹತ್ತಬೇಕು.

ಎಲ್ಲರಿಗೂ ಕೂರಲು ಬೆನ್ನಿಲ್ಲದ ದುಂಡು ಸ್ಟೂಲುಗಳು. ಇದ್ದ ಒಂದೇ ಒಂದು ಕುರ್ಚಿ ಮಾತ್ರ ಎತ್ತರದ ಬೆನ್ನಿನದು, ಕೈಯಿರುವುದು, ಚಕ್ರದ ಮೇಲೆ ಓಡಾಡುವುದು. ಯಾವುದೋ ಕಾಲದಲ್ಲಿ ಯಾರೋ ದೊಡ್ಡ ಅಧಿಕಾರಿಗೆಂದು ತರಿಸಿದ್ದು, ಅದು ಬಂದು ಇಳಿಯುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಅದಕ್ಕಾಗಿ ಸಿಬ್ಬಂದಿಯಲ್ಲಿ ಹೊಡೆದಾಟವೇ ಆಗುವಂತಿದ್ದಾಗ ಮ್ಯಾನೇಜರು ಒಂದು ನಿಯಮ ಬರೆದರು. ಕಂಪನಿಯ ಡಾಕ್ಟರು ವರ್ಷಕ್ಕೊಮ್ಮೆ ಬಂದು ಯಾರಿಗೆ ಬೆನ್ನುನೋವಿನ ಸರ್ಟಿಫಿಕೇಟು ಕೊಡುತ್ತಾರೋ ಅವರಿಗೆ ಆ ವರ್ಷದ ಕುರ್ಚಿ. ಅವರು ಏಣಿ ಹತ್ತುವಂತಿಲ್ಲ. ಅವರ ಪಾಲಿನ ಏಣಿಯನ್ನು ಉಳಿದವರು ಹತ್ತಬೇಕು.

ಆರು ವರ್ಷದಿಂದ ಸರ್ಟಿಫಿಕೇಟು ನಮ್ಮವನದೇ. ಅದರಲ್ಲಿ ಮೋಸವೇನೂ ಇರಲಿಲ್ಲ, ಅವನ ಬೆನ್ನು ನಿಜವಾಗಿಯೂ ಕೆಟ್ಟುಹೋಗಿತ್ತು. ಆದರೆ ಅವನಿಗೆ ಮುಖ್ಯವಾದದ್ದು ಬೆನ್ನೂ ಅಲ್ಲ, ಏಣಿಯೂ ಅಲ್ಲ. ಕುರ್ಚಿ ಬಾಗಿಲಿಗೆ ಎದುರಾಗಿತ್ತು. ಒಳಗೆ ಬಂದವರೆಲ್ಲ ಆ ಎತ್ತರದ ಬೆನ್ನನ್ನು ನೋಡಿ ಇವನೇ ಅಧಿಕಾರಿ ಅಂದುಕೊಂಡು ನೇರ ಅವನ ಬಳಿ ಬಂದು "ಸಾರ್" ಎನ್ನುತ್ತಿದ್ದರು. ಹದಿನೈದು ವರ್ಷ ಸ್ಟೂಲಿನ ಮೇಲೆ ಕೂತಾಗ ಅವನು "ಏನಪ್ಪಾ" ಆಗಿದ್ದ, "ಇಲ್ಲಿ ನೋಡಯ್ಯ" ಆಗಿದ್ದ. ಮನೆಯಲ್ಲೂ ಯಾರೂ ಅವನನ್ನು ಸಾರ್ ಅನ್ನುವವರಿಲ್ಲ. ಆ ಒಂದು ಮಾತು ಕೇಳುವುದಕ್ಕಾಗಿಯೇ ಅವನು ದಿನಾ ಗಡ್ಡ ಬೋಳಿಸಿಕೊಂಡು ಕಚೇರಿಗೆ ಹೋಗುತ್ತಿದ್ದ ಎಂದರೂ ತಪ್ಪಿಲ್ಲ. ಅದು ಹೋದರೆ ತನ್ನಲ್ಲಿ ಇನ್ನೇನು ಉಳಿಯುತ್ತದೆ ಎಂದು ಯೋಚಿಸಲು ಅವನಿಗೆ ಭಯವಾಗುತ್ತಿತ್ತು.

ಇನ್ನು ಹಾಲಿನ ವಿಷಯ. ಮೂರು ತಿಂಗಳ ಹಿಂದೆ ಹೆಂಡತಿಯ ಅಕ್ಕ ಫೋನು ಮಾಡಿ ಪ್ಲ್ಯಾಂಕ್ ಎಂಬ ವ್ಯಾಯಾಮದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದಳು. ನೆಲಕ್ಕೆ ಮುಖ ಮಾಡಿ, ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿದು, ಅಲುಗಾಡದೆ ಇರುವುದು. ಅಷ್ಟೇ.

"ಸಾಮಾನು ಬೇಡ, ಜಾಗ ಬೇಡ, ದಿನಕ್ಕೆ ಎರಡು ನಿಮಿಷ ಸಾಕಂತೆ. ಬೆನ್ನಿಗೆ ಒಳ್ಳೇದು, ಹೊಟ್ಟೆ ಇಳಿಯತ್ತೆ, ನಿಲುವು ನೆಟ್ಟಗಾಗತ್ತೆ. ಭಾವ ಈಗ ಕಂಬದ ಹಾಗೆ ನಡೀತಾರಂತೆ" ಎಂದು ಹೆಂಡತಿ ಮರುದಿನವೇ ಅವನನ್ನು ಫ್ರಿಜ್ಜಿಗೂ ಊಟದ ಮೇಜಿಗೂ ನಡುವೆ ಮಲಗಿಸಿದಳು. ಗಡಿಯಾರ ಹಿಡಿದು ನಿಲ್ಲಲು ಅವಳಿಗೆ ಪುರುಸೊತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು, "ಇದು ಕಾಯೋವರೆಗೂ ಏಳಕೂಡದು" ಎಂದಳು.

ಮೊದಲ ದಿನ ಪಾತ್ರೆಯ ತಳ ಬೆಚ್ಚಗಾಗುವ ಮೊದಲೇ ಅವನು ನೆಲಕ್ಕೆ ಅಂಟಿಕೊಂಡಿದ್ದ. ಎರಡನೆಯ ತಿಂಗಳಿಗೆ ಹಾಲು ಕಾಯುವವರೆಗೆ ನಿಂತ. ಮೂರನೆಯ ತಿಂಗಳಿಗೆ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಅವನು ಮಿಸುಕದೆ ಫ್ರಿಜ್ಜಿನ ಕೆಳಗಿನ ದೂಳನ್ನು ನೋಡುತ್ತಿದ್ದ. ಆ ಹೊತ್ತಿನಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ, ತರಕಾರಿ ತನ್ನಿ ಎನ್ನುತ್ತಿರಲಿಲ್ಲ. ಹಾಗಾಗಿ ಅವನಿಗೆ ಅದು ಹಿಡಿಸಿಯೂ ಬಿಟ್ಟಿತ್ತು. ಅದರಿಂದ ಬೆನ್ನು ವಾಸಿಯಾದೀತು ಎಂಬ ಅಪಾಯ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ.

ಈಗ ಹೊಳೆಯಿತು. ಗಡಿಯಾರ ನೋಡಿದ. ಏಳೂವರೆ. ಮೂರು ಗಂಟೆಯೊಳಗೆ ಹೇಗಾದರೂ ಮಾಡಿ ಬೆನ್ನುನೋವನ್ನು ವಾಪಸು ಕರೆತರಬೇಕು. ಅದೂ ಅಲ್ಲದೆ ಈ ವರ್ಷ ಕನ್ನಡಕದ ಗುಮಾಸ್ತನೂ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದ. ತಿಂಗಳಿಂದ ಅವನು ಸೊಂಟಕ್ಕೆ ಕೈಕೊಟ್ಟುಕೊಂಡೇ ಓಡಾಡುತ್ತಿದ್ದ.

ಮೆಟ್ಟಿಲಿಳಿದು ಬಂದರೆ ಕಟ್ಟಡದ ಬಾಗಿಲಲ್ಲಿ ನಾಲ್ಕನೇ ಮಹಡಿಯ ಟೈಲರಮ್ಮ ತಲೆ ಮೇಲೆ ಕೈಹೊತ್ತು ಕೂತಿದ್ದಳು. ರಿಪೇರಿಗೆ ಹೋಗಿದ್ದ ಹೊಲಿಗೆ ಯಂತ್ರವನ್ನು, ಕಬ್ಬಿಣದ ಕಾಲು ಸಮೇತ, ಗಾಡಿಯವನು ಕೆಳಗೇ ಇಳಿಸಿ ಹೋಗಿಬಿಟ್ಟಿದ್ದ. ಕೊಡೆ ಗುಮಾಸ್ತನಿಗೆ ದೇವರೇ ಕಣ್ಣುಬಿಟ್ಟಂತಾಯಿತು.

"ಬಿಡಿ ಟೈಲರಮ್ಮ, ನಾನು ಹೊರ್ತೀನಿ."

"ಅಯ್ಯೋ ಬೇಡಪ್ಪ, ನಿಮ್ಮ ಬೆನ್ನು ಮೊದಲೇ ಸರಿಯಿಲ್ಲ!"

"ಅದಕ್ಕೇ ಹೊರ್ತಿರೋದು" ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡು, "ಅಂದ್ರೆ, ನಿಮಗೋಸ್ಕರ" ಎಂದ.

ಭಾರ ಎತ್ತುವಾಗ ಏನೇನು ಮಾಡಬಾರದು ಎಂದು ಹೆಂಡತಿ ಆರು ವರ್ಷದಿಂದ ಹೇಳುತ್ತಿದ್ದಳೋ ಅದನ್ನೆಲ್ಲ ಮಾಡಿದ. ಮಂಡಿ ಮಡಿಸಲಿಲ್ಲ. ನಡುವನ್ನು ತಿರುಚಿದ. ಒಂದೇ ಎಳೆತಕ್ಕೆ ಎತ್ತಿದ. ಎಂಟು ತಿರುವು ಹತ್ತಿ ಯಂತ್ರವನ್ನು ಅವಳ ಕಿಟಕಿಯ ಕೆಳಗಿಟ್ಟು, ಆಸೆಯಿಂದ ಬೆನ್ನಿಗೆ ಕಿವಿಗೊಟ್ಟ. ಬೆನ್ನು ತೆಪ್ಪಗಿತ್ತು. ಹೊಟ್ಟೆಯ ಸುತ್ತ ಬಿಗಿಯಾಗಿ ಏನೋ ಕಟ್ಟಿದಂತಿದ್ದು ಭಾರವೆಲ್ಲ ಅಲ್ಲೇ ನಿಂತುಹೋಗಿತ್ತು. ಉಸಿರು ಕೂಡ ಸರಿಯಾಗಿ ಉಬ್ಬಸಪಡಲಿಲ್ಲ.

ಇಳಿಯುವಾಗ ಎರಡನೇ ಮಹಡಿಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಅಡ್ಡ ನಿಂತಿದ್ದರು. ಕೆಲಸದಿಂದ ನಿವೃತ್ತರಾದರೂ ಕಟ್ಟಡದವರ ನಡಿಗೆ, ನಿಲುವು, ಉಸಿರಾಟಗಳನ್ನು ತಿದ್ದುವುದನ್ನು ಅವರು ಬಿಟ್ಟಿರಲಿಲ್ಲ. ಬಂದವರೇ ಅವನ ಹೊಟ್ಟೆಗೆ ಬೆರಳಿಂದ ಚುಚ್ಚಿದರು.

"ಭಲೇ! ನಡು ಏನು ಗಟ್ಟಿ ಇದೆ ರೀ! ನಾನು ಬಾಗಿಲಲ್ಲೇ ನಿಂತು ನೋಡ್ದೆ. ಎಪ್ಪತ್ತು ಮೆಟ್ಟಿಲು, ಒಂದು ಕಡೆ ನಿಂತಿಲ್ಲ ನೀವು. ಏನು ಮಾಡ್ತೀರಿ, ಹೇಳಿ."

"ಏನೂ ಇಲ್ಲ ಮೇಷ್ಟ್ರೇ. ಬೆನ್ನುನೋವು."

"ಬೆನ್ನುನೋವಾ? ನಿಮಗಾ? ತಮಾಷೆ ಸಾಕು" ಎಂದು ಬೆನ್ನು ತಟ್ಟಿದರು. ಅವರ ತಟ್ಟು ಎಂದರೆ ಸಾಮಾನ್ಯ ಜನರು ಎರಡು ಹೆಜ್ಜೆ ಮುಂದೆ ಹೋಗುವಂಥದ್ದು. ಇವನು ಕದಲಲಿಲ್ಲ. "ಅಂದ ಹಾಗೆ, ಹೋದ ವಾರ ಬಸ್ಸಲ್ಲಿ ನನ್ನ ಕೊಡೆ ಬಿಟ್ಟೆ. ಮಧ್ಯಾಹ್ನ ನಿಮ್ಮ ಕಚೇರಿಗೆ ಬರ್ತೀನಿ."

ಬೇಡ ಎನ್ನಲು ಕಾರಣ ಹುಡುಕುವಷ್ಟರಲ್ಲಿ ಮೇಷ್ಟ್ರು ಮೂರನೇ ಮಹಡಿಯವರ ಕತ್ತು ನೆಟ್ಟಗೆ ಮಾಡಲು ಹೊರಟುಹೋಗಿದ್ದರು.

ಬಸ್ಸಿನಲ್ಲಿ ಅವನು ಕಟ್ಟಕಡೆಯ ಸೀಟಿನಲ್ಲಿ, ಹಿಂದಿನ ಚಕ್ರದ ಮೇಲೆಯೇ, ಬೇಕೆಂದು ಸೊಟ್ಟಗೆ ಕೂತ. ಆ ರಸ್ತೆಯ ಗುಂಡಿಗಳ ಮೇಲೆ ಅವನಿಗೆ ಭರವಸೆಯಿತ್ತು. ಗುಂಡಿಗಳೂ ಮೋಸ ಮಾಡಲಿಲ್ಲ. ಪ್ರತಿ ಸಲ ಬಸ್ಸು ಹಾರಿದಾಗ ಆ ಸಾಲಿನವರೆಲ್ಲ ಒಟ್ಟಿಗೆ "ಅಪ್ಪಾ" ಎಂದು ಸೊಂಟ ಹಿಡಿದುಕೊಂಡರು. ಅವನೊಬ್ಬ ಮಾತ್ರ ತೊಟ್ಟಿಲಲ್ಲಿ ಮಲಗಿಸಿದ ಮಗುವಿನಂತೆ ಹಾಯಾಗಿ ತೂಗಾಡುತ್ತಿದ್ದ. ಪಕ್ಕದಲ್ಲಿ ಕೂತಿದ್ದ ದಪ್ಪನೆಯ ಹೆಂಗಸು ಅವನನ್ನು ಹೊಟ್ಟೆಕಿಚ್ಚಿನಿಂದ ನೋಡಿ, "ನಿಮಗೆ ಮೂಳೆ ಇದೆಯೋ ಇಲ್ವೋ?" ಎಂದು ಕೇಳಿಯೇ ಬಿಟ್ಟಳು.

ನೋವು ಬಾರದು ಎಂದು ಖಾತ್ರಿಯಾದ ಮೇಲೆ ಉಳಿದದ್ದು ನಟನೆಯೊಂದೇ. ಕಚೇರಿಯ ಬಾಗಿಲಲ್ಲಿ ಅವನು ಸೊಂಟ ಬಗ್ಗಿಸಿ, ಎಡಗಾಲು ಎಳೆಯುತ್ತ ಒಳಗೆ ಬಂದ. ಮೂರು ತಿಂಗಳ ಅಭ್ಯಾಸದಿಂದ ಬೆನ್ನು ತಂತಾನೇ ನೆಟ್ಟಗಾಗುತ್ತಿತ್ತು, ಅದನ್ನು ಬಗ್ಗಿಸಿ ಇಟ್ಟುಕೊಳ್ಳುವುದೇ ಒಂದು ವ್ಯಾಯಾಮವಾಯಿತು.

"ಅಯ್ಯಯ್ಯೋ, ಏನಾಯ್ತಪ್ಪಾ ನಿನಗೆ!" ಬ್ಯಾಗಿನಕ್ಕ ಓಡಿಬಂದಳು. ಅವಳು ಹೃದಯವಂತೆ. ಕಚೇರಿಯಲ್ಲಿ ಯಾರಿಗೆ ಏನಾದರೂ ಅವಳ ಕೈಯಿಂದ ತಪ್ಪಿಸಿಕೊಂಡವರಿಲ್ಲ. "ನಿನ್ನೆ ಚೆನ್ನಾಗಿದ್ಯಲ್ಲೋ?"

"ನಿನ್ನೆ ಚೆನ್ನಾಗಿರ್ಲಿಲ್ಲ ಅಕ್ಕಾ. ಹೇಳಿಕೊಂಡಿರ್ಲಿಲ್ಲ ಅಷ್ಟೇ."

"ನೋಡಿದ್ರಾ, ಎಷ್ಟು ಸಹಿಸಿಕೊಂಡಿದ್ದಾನೆ!" ಎಂದು ಅವಳು ಇಡೀ ಕಚೇರಿಗೆ ಕೇಳುವಂತೆ ಹೇಳಿದಳು. ಆಮೇಲೆ ಸುಮ್ಮನಿರುವ ಪ್ರಶ್ನೆಯೇ ಇಲ್ಲ. ಯಾರೂ ಕೇಳಿಕೊಂಡು ಬಾರದ ಸಾಮಾನುಗಳ ಕಪಾಟಿನಿಂದ ಒಂದು ಸೊಂಟದ ಪಟ್ಟಿ ಬಂತು, ಒಂದು ಬಿಸಿನೀರಿನ ಚೀಲ ಬಂತು, ಒಂದು ಊರುಗೋಲು ಬಂತು. ಅವಳದೇ ಡಬ್ಬಿಯಿಂದ ಒಂದು ಮುಲಾಮು ಬಂತು. ಅದರ ಘಾಟಿಗೆ ಕೌಂಟರಿನ ಆಚೆ ಕೊಡೆ ಕೇಳಲು ನಿಂತಿದ್ದ ಮೂವರು ಕಣ್ಣೊರೆಸಿಕೊಂಡರು. ಕೊಡೆ ಗುಮಾಸ್ತ ಕಟ್ಟಿಸಿಕೊಂಡು, ಹಚ್ಚಿಸಿಕೊಂಡು, ತನ್ನ ಕುರ್ಚಿಯಲ್ಲಿ ಹೊದಿಕೆ ಹೊದಿಸಿದ ಸೋಫಾದಂತೆ ಕೂತ. ಆದರೂ ಒಬ್ಬ ಮುದುಕ ಬಂದು "ಸಾರ್, ಒಂದು ಕೊಡೆ" ಎಂದಾಗ ಎಲ್ಲ ಕಷ್ಟವೂ ಸಾರ್ಥಕವೆನ್ನಿಸಿತು.

ಕನ್ನಡಕದ ಗುಮಾಸ್ತ ಇದನ್ನೆಲ್ಲ ತನ್ನ ಸ್ಟೂಲಿನಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವನಿಗೆ ಅನುಮಾನ ಹತ್ತಿತ್ತು. ಹತ್ತೂವರೆಗೆ ಅವನು ಕೊಡೆ ಗುಮಾಸ್ತನ ಕಾಲ ಬಳಿ ಒಂದು ಕನ್ನಡಕವನ್ನು ಬೀಳಿಸಿದ.

"ಸ್ವಲ್ಪ ಎತ್ತಿಕೊಡಿ, ಕೊಡೆಯವರೇ. ನನಗೆ ಬಗ್ಗಕ್ಕಾಗಲ್ಲ."

"ನನಗೂ ಆಗಲ್ಲ."

ಕನ್ನಡಕ ಅಲ್ಲೇ ಬಿದ್ದಿತ್ತು. ಹನ್ನೊಂದಕ್ಕೆ ಇನ್ನೊಂದು ಬಿತ್ತು. ಊಟದ ಹೊತ್ತಿಗೆ ಕುರ್ಚಿಯ ಸುತ್ತ ಏಳು ಕನ್ನಡಕಗಳು ಬಿದ್ದು ಆಕಾಶ ನೋಡುತ್ತಿದ್ದವು. ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಬ್ಯಾಗಿನಕ್ಕ ಇಬ್ಬರನ್ನೂ ಬೈಯುತ್ತ ಎಲ್ಲವನ್ನೂ ಎತ್ತಿಟ್ಟಳು. ಅವಳು ಏಳು ಸಲ ಬಗ್ಗಿ ಎದ್ದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರಕ್ಕೆ ಐದು ನಿಮಿಷವಿರುವಾಗ ಡ್ರಿಲ್ ಮೇಷ್ಟ್ರು ಒಳಗೆ ಬಂದರು.

"ಏನ್ರೀ ಇದು ವೇಷ! ಬೆಳಿಗ್ಗೆ ಹೊಲಿಗೆ..."

"ಮೇಷ್ಟ್ರೇ!" ಕೊಡೆ ಗುಮಾಸ್ತ ಕುರ್ಚಿಯಿಂದ ಚಿಗರೆಯಂತೆ ಜಿಗಿದು, ಜಿಗಿದದ್ದು ಜ್ಞಾಪಕವಾಗಿ ಅಲ್ಲೇ ಗಾಳಿಯಲ್ಲೇ ಸೊಂಟ ಹಿಡಿದುಕೊಂಡು, ಅವರನ್ನು ಕೌಂಟರಿನ ಮೂಲೆಗೆ ಎಳೆದೊಯ್ದ. "ದಮ್ಮಯ್ಯ ಅಂತೀನಿ, ಹೊಲಿಗೆ ಯಂತ್ರದ ಸುದ್ದಿ ಎತ್ತಬೇಡಿ. ನಿಮ್ಮ ಕೊಡೆ ಎಂಥದ್ದು?"

"ಕಪ್ಪು ಬಣ್ಣದ್ದು."

"ಹುಡುಕಿಸ್ತೀನಿ. ಅಲ್ಲಿವರೆಗೂ ಬಾಯಿ ಮುಚ್ಚಿಕೊಂಡು ಕೂತಿರಿ."

ಮೇಷ್ಟ್ರ ಬಾಯಿ ಮುಚ್ಚಿಸಿದ್ದು ಅವರ ಜೀವಮಾನದಲ್ಲಿ ಅದೇ ಮೊದಲಿರಬೇಕು. ಅವರು ಬೆರಗಾಗಿ ಬೆಂಚಿನ ಮೇಲೆ ಕೂತರು.

ಡಾಕ್ಟರು ಬಂದರು. ಪ್ರತಿವರ್ಷ ಬರುತ್ತಿದ್ದವರು ಅರ್ಧ ನಿದ್ದೆಯ ಮುದುಕರು, "ನೋವಿದೆಯಾ? ಇದೆ. ಸರಿ" ಎಂದು ಸಹಿ ಹಾಕುವವರು. ಈ ಸಲ ಬಂದದ್ದು ಅವರ ಜಾಗಕ್ಕೆ ಹೊಸದಾಗಿ ಸೇರಿದ ಡಾಕ್ಟರಮ್ಮ. ಚುರುಕು ನಡಿಗೆ, ಕತ್ತಿನಲ್ಲಿ ಸ್ಟಾಪ್‌ವಾಚು. ಗಾಜಿನ ಕೋಣೆಯಿಂದ ಮ್ಯಾನೇಜರು ನಿಯಮದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಬಂದರು. ಆ ಪುಸ್ತಕವಿಲ್ಲದೆ ಅವರು ಊಟಕ್ಕೂ ಏಳುತ್ತಿರಲಿಲ್ಲ.

"ಬಾಯಲ್ಲಿ ಹೇಳೋ ನೋವನ್ನ ನಾನು ಬರ್ಕೊಳ್ಳಲ್ಲ" ಎಂದರು ಡಾಕ್ಟರಮ್ಮ. "ಇಬ್ಬರೂ ಇಲ್ಲಿ ಬನ್ನಿ. ನೆಲಕ್ಕೆ ಏನಾದ್ರೂ ಹಾಸಿ. ಮೊಣಕೈ ಊರಿ, ಕಾಲ್ಬೆರಳು ಊರಿ, ನಡು ಎತ್ತಿ. ಮೈ ಹಲಗೆ ಹಾಗಿರಬೇಕು. ಇದಕ್ಕೆ ಪ್ಲ್ಯಾಂಕ್ ಅಂತಾರೆ. ನಡುವಿನ ಸ್ನಾಯು ಸೋತಿರೋರು ಇದರಲ್ಲಿ ಹತ್ತು ಹದಿನೈದು ಸೆಕೆಂಡು ದಾಟಲ್ಲ. ಗಟ್ಟಿ ಇರೋರು ನಿಮಿಷಗಟ್ಟಲೆ ಇರ್ತಾರೆ. ಸುಳ್ಳು ಹೇಳಕ್ಕಾಗಲ್ಲ ಇದರ ಹತ್ತಿರ."

ಮನೆಯ ಹಲಗೆ ಇಲ್ಲಿಗೂ ಬಂತಲ್ಲ ಎಂದು ಕೊಡೆ ಗುಮಾಸ್ತ ಹೆದರಿದ. ಆಮೇಲೆ ಸಮಾಧಾನವಾಯಿತು. ನಿಲ್ಲುವುದು ಕಷ್ಟ, ಬೀಳುವುದಕ್ಕೇನು?

ಯಾರೋ ಮರೆತುಹೋದ ಎರಡು ಮಳೆಯಂಗಿಗಳನ್ನು ಬ್ಯಾಗಿನಕ್ಕ ನೆಲಕ್ಕೆ ಹಾಸಿದಳು. ಇಬ್ಬರೂ ಅಕ್ಕಪಕ್ಕ ಮಲಗಿ ನಡು ಎತ್ತಿದರು. ಸ್ಟಾಪ್‌ವಾಚು ಟಕ್ ಎಂದಿತು. ತಕ್ಷಣ ಬಿದ್ದರೆ ನಾಟಕ ಎನ್ನುತ್ತಾರೆ, ಎಂಟಕ್ಕೆ ಬೀಳೋಣ ಎಂದು ಕೊಡೆ ಗುಮಾಸ್ತ ಲೆಕ್ಕ ಹಾಕಿದ. ಒಂದು, ಎರಡು, ಮೂರು. ಎದುರಿಗೆ ಕಪಾಟಿನ ಕೆಳಗೆ ದೂಳು ಕಾಣಿಸಿತು. ದೂಳಿನಲ್ಲಿ ಅಂಗಿಯ ಗುಂಡಿಯೊಂದು ಬಿದ್ದಿತ್ತು. ಸುತ್ತಲೂ ಯಾರೂ ಮಾತಾಡುತ್ತಿರಲಿಲ್ಲ. ದಿನವೆಲ್ಲ ಬಗ್ಗಿ ಬಗ್ಗಿ ದಣಿದಿದ್ದ ಬೆನ್ನು ನೆಟ್ಟಗಾಗಿ ಹಾಯೆನ್ನಿಸಿತು. ಆ ಗುಂಡಿ ಯಾರ ಅಂಗಿಯದಿರಬಹುದು ಎಂದು ಅವನು ಯೋಚಿಸತೊಡಗಿದ.

ಪಕ್ಕದಲ್ಲಿ "ಅಯ್ಯಮ್ಮಾ!" ಎಂದು ಧೊಪ್ಪನೆ ಸದ್ದಾಯಿತು. ಕೊಡೆ ಗುಮಾಸ್ತ ಬೆಚ್ಚಿಬಿದ್ದು, ಎಂಟಾಯಿತೋ ಎಂಬತ್ತಾಯಿತೋ ತಿಳಿಯದೆ, ಅದಕ್ಕಿಂತ ಜೋರಾಗಿ "ಅಯ್ಯಯ್ಯಮ್ಮಾ!" ಎಂದು ಮೈಚೆಲ್ಲಿದ.

"ಒಬ್ಬರು ಹನ್ನೊಂದು, ಒಬ್ಬರು ಹನ್ನೆರಡು" ಎಂದರು ಡಾಕ್ಟರಮ್ಮ. "ವ್ಯತ್ಯಾಸ ಏನಿಲ್ಲ. ಇಬ್ಬರದೂ ಅಷ್ಟಕ್ಕಷ್ಟೇ."

ಕೊಡೆ ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಬೆಂಚಿನ ಮೇಲೆ ಡ್ರಿಲ್ ಮೇಷ್ಟ್ರು ನಂಬಲಾರದೆ ಬಾಯಿ ತೆರೆದರು. ಇವನು ನೆಲದಿಂದಲೇ ಕೈಮುಗಿದ. ಅವರು ಬಾಯಿ ಮುಚ್ಚಿದರು.

ಡಾಕ್ಟರಮ್ಮ ಎರಡು ಸರ್ಟಿಫಿಕೇಟು ಬರೆದು ಮ್ಯಾನೇಜರ ಕೈಗಿತ್ತರು. "ಎರಡು ಸರ್ಟಿಫಿಕೇಟು, ಕುರ್ಚಿ ಒಂದು" ಎನ್ನುತ್ತ ಮ್ಯಾನೇಜರು ಪುಸ್ತಕದ ಹಾಳೆ ತಿರುವಿದರು. "ಸರಿಸಮ ಬಂದರೆ ಏನು ಮಾಡಬೇಕು ಅಂತ ಇಲ್ಲೇ ಎಲ್ಲೋ ಬರ್ದಿದ್ದೀನಿ. ತಾಳಿ, ಹುಡುಕ್ತೀನಿ."

"ಕುರ್ಚಿ ಯಾಕೆ?" ಎಂದರು ಡಾಕ್ಟರಮ್ಮ.

"ಬೆನ್ನುನೋವಿನವರು ಕೂರೋದಕ್ಕೆ, ಮೇಡಂ."

"ಕೂರೋದಾ! ಸರ್ಟಿಫಿಕೇಟು ಓದಿ. ದಿನವೆಲ್ಲ ಕೂತು ಕೂತೇ ಇವರ ಬೆನ್ನು ಈ ಗತಿಗೆ ಬಂದಿರೋದು. ಇವರು ಒಟ್ಟಿಗೆ ಹತ್ತು ನಿಮಿಷದ ಮೇಲೆ ಕೂರಕೂಡದು. ನಿಂತುಕೊಂಡೇ ಕೆಲಸ ಮಾಡ್ಲಿ. ನಡು ಗಟ್ಟಿ ಇರೋರು ಬೇಕಾದ್ರೆ ಕೂರ್ಲಿ, ಅವರಿಗೇನೂ ಆಗಲ್ಲ."

ಕೊಡೆ ಗುಮಾಸ್ತ ಮಳೆಯಂಗಿಯ ಮೇಲೆ ಎದ್ದು ಕೂತ. ಬೆನ್ನು ಕೆಟ್ಟವರು ನಿಲ್ಲಬೇಕು. ಬೆನ್ನು ಗಟ್ಟಿಯಿದ್ದವರು ಕೂರಬಹುದು. ಬೆಳಿಗ್ಗೆ ಏಳೂವರೆಯಿಂದ ತಾನು ಪಟ್ಟ ಪಾಡೆಲ್ಲ ಉಲ್ಟಾ! ಕನ್ನಡಕದ ಗುಮಾಸ್ತ ಇನ್ನೂ ನೆಲದ ಮೇಲೆ ನಿಜವಾಗಿ ನರಳುತ್ತಿದ್ದ, ಪಾಪ, ಅವನಿಗೆ ಇದು ಅರ್ಥವಾದಂತಿರಲಿಲ್ಲ. ಮ್ಯಾನೇಜರು ಇನ್ನೂ ಹಾಳೆ ತಿರುವುತ್ತಿದ್ದರು. ಕಾದರೆ ಕೆಲಸ ಕೆಟ್ಟಿತು ಎಂದುಕೊಂಡ ಕೊಡೆ ಗುಮಾಸ್ತ.

"ಮೇಡಂ, ನಿಲ್ಲಿ! ನನ್ನ ಬೆನ್ನು ಗಟ್ಟಿ ಇದೆ!"

"ಹನ್ನೆರಡು ಸೆಕೆಂಡಿಗೆ ಬಿದ್ರಲ್ರೀ?"

"ಅದು ಕಾಲು ಜಾರಿದ್ದು. ಈಗ ನೋಡಿ."

ಸೊಂಟದ ಪಟ್ಟಿ ಕಿತ್ತೆಸೆದ. ಬಿಸಿನೀರಿನ ಚೀಲ ಒಂದು ಕಡೆಗೆ ಹೋಯಿತು. ಮೊಣಕೈ ಊರಿದ, ನಡು ಎತ್ತಿದ, ಹಲಗೆಯಾದ. ಒಂದು ನಿಮಿಷವಾಯಿತು. ಕೌಂಟರಿನ ಆಚೆ ನಿಂತಿದ್ದವರು ಕತ್ತು ಚಾಚಿದರು. ಎರಡು ನಿಮಿಷವಾಯಿತು. ಬ್ಯಾಗಿನಕ್ಕ ಕೆನ್ನೆಗೆ ಕೈಕೊಟ್ಟು, "ಇವನಿಗಾ ನಾನು ಮುಲಾಮು ಹಚ್ಚಿದ್ದು?" ಎಂದಳು. ಡ್ರಿಲ್ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಬೆಂಚಿನಿಂದ ಎದ್ದವರೇ, "ಬೆಳಿಗ್ಗೆ ಹೊಲಿಗೆ ಯಂತ್ರ ಹೊತ್ತು ನಾಲ್ಕು ಮಹಡಿ ಹತ್ತಿದ್ದಾರೆ ಇವರು! ಕಬ್ಬಿಣದ ಕಾಲು ಸಮೇತ! ನಾನು ಸಾಕ್ಷಿ!" ಎಂದು ಕೂಗಿದರು. ಈಗ ಕೊಡೆ ಗುಮಾಸ್ತ ಅವರನ್ನು ತಡೆಯಲಿಲ್ಲ. ಮೂರು ನಿಮಿಷವಾಯಿತು. ಮೂರೂವರೆಯಾಯಿತು. ಅವನ ಬದುಕಿನಲ್ಲಿ ಅಷ್ಟು ಜನ ಒಟ್ಟಿಗೆ ಅವನನ್ನು ಮೆಚ್ಚಿ ನೋಡಿದ್ದೇ ಇಲ್ಲ. ನೆಲದ ಕಡೆ ಮುಖವಿದ್ದದ್ದರಿಂದ ಅವನಿಗೆ ಅದು ಕಾಣಲಿಲ್ಲ, ಆದರೆ ಗೊತ್ತಾಗುತ್ತಿತ್ತು.

ನಾಲ್ಕನೇ ನಿಮಿಷಕ್ಕೆ ಡಾಕ್ಟರಮ್ಮ, "ಸಾಕು, ಏಳಿ" ಎಂದರು. "ಈ ವಯಸ್ಸಿಗೆ ಇಂಥ ನಡು ನಾನು ನೋಡೇ ಇಲ್ಲ. ಎಷ್ಟು ದಿನದಿಂದ ಮಾಡ್ತಿದ್ದೀರಿ?"

"ಮೂರು ತಿಂಗಳಾಯ್ತು ಮೇಡಂ. ದಿನಾ."

"ನೋಡಿ ಎಲ್ರೂ. ಇದೇ ನಾನು ಹೇಳೋದು. ಮೂರು ತಿಂಗಳು ಎರಡೆರಡು ನಿಮಿಷ, ಬೆನ್ನು ಉಕ್ಕು!" ಎಂದು ಮ್ಯಾನೇಜರ ಕೈಯಿಂದ ಅವನ ಸರ್ಟಿಫಿಕೇಟು ತೆಗೆದುಕೊಂಡು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಅವನ ಕೈಕುಲುಕಿ ಹೊರಟುಹೋದರು.

ಕೊಡೆ ಗುಮಾಸ್ತ ಅಂಗಿ ಕೊಡವಿಕೊಂಡು, ಕ್ರಾಪು ಸರಿಮಾಡಿಕೊಂಡು, ಕುರ್ಚಿಯ ಕಡೆ ನಡೆದ. ಅದರ ಕೈಯ ಮೇಲೆ ಕೈಯಿಟ್ಟ.

"ಅಲ್ಲಿ ಎಲ್ಲಿಗೆ?" ಎಂದರು ಮ್ಯಾನೇಜರು.

"ಕೂರೋದಕ್ಕೆ ಸಾರ್. ಡಾಕ್ಟರಮ್ಮ ಹೇಳಿದ್ರಲ್ಲ, ನಡು ಗಟ್ಟಿ ಇರೋರು..."

"ಡಾಕ್ಟರಮ್ಮ ಆರೋಗ್ಯದ ಮಾತು ಹೇಳಿದ್ರು. ನಾನು ನಿಯಮದ ಮಾತು ಹೇಳ್ತೀನಿ. ಕುರ್ಚಿ ಸರ್ಟಿಫಿಕೇಟು ಇರೋರಿಗೆ. ನಿಮ್ಮ ಸರ್ಟಿಫಿಕೇಟು ಎಲ್ಲಿದೆ?"

ಇಬ್ಬರೂ ಕಸದ ಬುಟ್ಟಿಯನ್ನು ನೋಡಿದರು.

"ಆದ್ರೆ ಸಾರ್, ಕನ್ನಡಕದವರು ಕೂರೋ ಹಾಗೇ ಇಲ್ವಲ್ಲ!"

"ಕೂರ್ಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಕುರ್ಚಿ ಅವರದು ಅಂತಿದೆ, ಅಷ್ಟೇ." ಮ್ಯಾನೇಜರು ಪುಸ್ತಕ ಮುಚ್ಚುತ್ತ ನಿಟ್ಟುಸಿರಿಟ್ಟರು. "ನೀವು ಒಂದರ್ಧ ನಿಮಿಷ ಸುಮ್ನೆ ಇದ್ದಿದ್ರೆ ಆಗೋದು. ಸರಿಸಮ ಬಂದ್ರೆ ಹಳಬರಿಗೇ ಕುರ್ಚಿ ಅಂತ ಬರ್ದಿದ್ದೆ. ಆ ಹಾಳೆ ಸಿಕ್ಕಿತ್ತು, ಓದೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನೀವು ಹೋಗಿ ನೆಲದ ಮೇಲೆ ಮಲಗಿಬಿಟ್ರಿ."

ಕೊಡೆ ಗುಮಾಸ್ತ ಕುರ್ಚಿಯ ಮೇಲಿಂದ ಕೈ ತೆಗೆದ.

"ಇನ್ನೊಂದು" ಎಂದರು ಮ್ಯಾನೇಜರು. "ಸರ್ಟಿಫಿಕೇಟು ಇರೋರ ಏಣಿ ಕೆಲಸ ಉಳಿದವರು ಮಾಡ್ಬೇಕು. ಬ್ಯಾಗಿನಕ್ಕನಿಗೆ ವಯಸ್ಸಾಯ್ತು. ಇಂಥ ನಡು ಇರೋ ನೀವಿರುವಾಗ ಅವರು ಯಾಕೆ ಹತ್ತಬೇಕು? ಕೊಡೆ, ಕನ್ನಡಕ, ಬ್ಯಾಗು, ಮೂರೂ ಅಟ್ಟಣೆ ನೀವೇ ನೋಡ್ಕೊಳ್ಳಿ."

ಬ್ಯಾಗಿನಕ್ಕ ಮುಲಾಮಿನ ಡಬ್ಬಿಯನ್ನು ಮುಚ್ಚಿ ಒಳಗಿಟ್ಟುಕೊಂಡಳು. ಕನ್ನಡಕದ ಗುಮಾಸ್ತ ಎದ್ದು, 'ಇದು ನನ್ನದು' ಎನ್ನುವಂತೆ ಕುರ್ಚಿಯನ್ನು ಒಂದು ಸುತ್ತು ಹಾಕಿದ. ಕೂರುವಂತಿರಲಿಲ್ಲ, ಬಿಟ್ಟುಕೊಡಲು ಮನಸ್ಸಿರಲಿಲ್ಲ. ತನ್ನ ಕೋಟು ಬಿಚ್ಚಿ ಅದರ ಎತ್ತರದ ಬೆನ್ನಿಗೆ ಚೆನ್ನಾಗಿ ಹೊದಿಸಿ, ಪಕ್ಕದಲ್ಲಿ ಕಾವಲಿನವನಂತೆ ನಿಂತ. ಐದು ನಿಮಿಷಕ್ಕೊಮ್ಮೆ ಕಾಲು ಬದಲಿಸುತ್ತಿದ್ದ.

ನಾಲ್ಕೂವರೆಗೆ ಕೊಡೆ ಗುಮಾಸ್ತ ಏಣಿಯ ಒಂಬತ್ತನೇ ಮೆಟ್ಟಿಲಲ್ಲಿದ್ದ. ಡ್ರಿಲ್ ಮೇಷ್ಟ್ರು ಕೆಳಗೆ ನಿಂತು, "ಅದಲ್ಲ, ಅದರ ಪಕ್ಕದ್ದು. ಕಪ್ಪು ಬಣ್ಣದ್ದು. ನೆಟ್ಟಗೆ ನಿಂತು ತೆಗೀರಿ!" ಎನ್ನುತ್ತಿದ್ದರು. ಏಳನೆಯ ಕೊಡೆ ಅವರದಾಗಿತ್ತು. ಅವರು ಕೊಡೆ ಬೀಸುತ್ತ ಹೋದರು. ಅವನಿಗೆ ಸ್ವಲ್ಪವೂ ನೋಯುತ್ತಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಅವನಿಗೆ ಸಿಟ್ಟು ಬಂದದ್ದು ಆ ನೋಯದ ಬೆನ್ನೊಂದರ ಮೇಲೆಯೇ.

ಕಚೇರಿ ಮುಚ್ಚುವ ಹೊತ್ತಿಗೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಒಳಗೆ ಬಂದಳು. ನೇರ ಎತ್ತರದ ಕುರ್ಚಿಯ ಕಡೆ ಹೋದಳು. ಅದರಲ್ಲಿ ಯಾರೂ ಇರಲಿಲ್ಲ, ಕೋಟು ಮಾತ್ರ ಇತ್ತು. ಕನ್ನಡಕದ ಗುಮಾಸ್ತ ಕೈತೊಳೆಯಲು ಹೋಗಿದ್ದ. ಅವಳು ಕೋಟಿನ ಎದುರು ಒಂದು ನಿಮಿಷ ವಿನಯದಿಂದ ಕಾದಳು. ಆಮೇಲೆ ತಲೆಯೆತ್ತಿ ಏಣಿಯ ಕಡೆ ನೋಡಿದಳು.

"ಏನಪ್ಪಾ, ಇಲ್ಲಿ ಒಬ್ಬರು ಸಾಹೇಬ್ರು ಕೂರ್ತಿದ್ರಲ್ಲ, ಹೋದ ವರ್ಷ ನನ್ನ ಕೊಡೆ ಹುಡುಕಿಸಿ ಕೊಟ್ಟಿದ್ರು. ತುಂಬಾ ದೊಡ್ಡ ಮನುಷ್ಯರು. ಇವತ್ತು ಬಂದಿಲ್ವಾ?"

ಕೊಡೆ ಗುಮಾಸ್ತ ಏಣಿಯ ಮೇಲಿಂದ ಅವಳನ್ನು ನೋಡಿದ. ಖಾಲಿ ಕುರ್ಚಿಯನ್ನು ನೋಡಿದ.

"ಬಂದಿದ್ರಮ್ಮ" ಎಂದ. "ಈಗಷ್ಟೇ ಎದ್ದು ಹೋದ್ರು."